ಡಿಸ್ಕೋ ಬಂತು, ಅದರ ಅಂಗಳ ಬರಲಿಲ್ಲ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜಾತ್ರೆ ಎಂದರೆ ಹಗಲು ತೇರು, ರಾತ್ರಿ ನಾಟಕ. ಮೊದಲು ಧಾರವಾಡ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿದ್ದು ಈಗ ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲ್ಲೂಕಿಗೆ ಸೇರಿರುವ ಶಿಗ್ಲಿಯೇ ಇರಲಿ, ಅದರ ಸುತ್ತಲಿನ ಯಾವ ಊರೇ ಇರಲಿ, ಈ ಮಾತು ಅಲ್ಲಿಗೆಲ್ಲ ಸಲ್ಲುತ್ತದೆ. ಎಂಬತ್ತರ ದಶಕದಿಂದೀಚೆಗೆ ಈ ಸೀಮೆಯ ನಾಟಕದ ರಾತ್ರಿಗೆ ಹೊಸದೊಂದು ವಾಡಿಕೆ ಸೇರಿಕೊಂಡಿತು. ನಡುರಾತ್ರಿ ದಾಟಿ, ಗೌಡನ ದರ್ಪ, ಬಡರೈತನ ಗೋಳು, ತಂಗಿಯ ಕಣ್ಣೀರು ಒಂದು ಹದಕ್ಕೆ ಬಂದು ನಿಂತಾಗ ಕತೆ ಇದ್ದಕ್ಕಿದ್ದಂತೆ ಅಲ್ಲಿಗೇ ನಿಲ್ಲುತ್ತದೆ. ಕೆಂಪು, ಹಸಿರು ದೀಪಗಳು ಆರಿ ಹತ್ತತೊಡಗುತ್ತವೆ. ಮೈಕ್ ಸೆಟ್ಟಿನಿಂದ ಸಿನಿಮಾ ಹಾಡೊಂದು ಹೊರಡುತ್ತದೆ. ಹುಬ್ಬಳ್ಳಿಯಿಂದಲೋ ಗದಗಿನಿಂದಲೋ ಕರೆಸಿದ ನಟಿ ಮಿಂಚುವ ಉಡುಪಿನಲ್ಲಿ ಬಂದು ಕುಣಿಯುತ್ತಾಳೆ. ಕತೆಗೂ ಈ ಕುಣಿತಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ಇರಬೇಕೆಂದು ಯಾರೂ ಬಯಸುವುದೂ ಇಲ್ಲ. ಜನ ಇದನ್ನು ‘ರೆಕಾರ್ಡ್ ಡ್ಯಾನ್ಸ್’ ಎಂದರು, ‘ಡಿಸ್ಕೋ ಡ್ಯಾನ್ಸ್’ ಎಂದರು. ರಂಗದ ಮುಂದೆ ಕೂತವರು ನೂರಾರು ಮಂದಿ. ಕುಣಿಯುವವಳು ಒಬ್ಬಳು.

ಈ ಚಿತ್ರವನ್ನು ಡಿಸ್ಕೋ ಹುಟ್ಟಿದ ಜಾಗದ ಚಿತ್ರದ ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಅಲ್ಲಿ ವೇದಿಕೆಯೇ ಇರಲಿಲ್ಲ. ನೋಡುವವರೂ ಇರಲಿಲ್ಲ. ಬಂದವರೆಲ್ಲ ಕುಣಿಯುವವರೇ. ಡಿಸ್ಕೋದ ಹಾಡು, ಉಡುಪು, ದೀಪ, ಹೆಸರು ಎಲ್ಲವೂ ನಮ್ಮಲ್ಲಿಗೆ ಬಂದವು. ಎಲ್ಲರೂ ಇಳಿದು ಕುಣಿಯುವ ಆ ಅಂಗಳವೊಂದು ಮಾತ್ರ ದಾರಿಯಲ್ಲೇ ಉಳಿದುಹೋಯಿತು. ಅದು ಹೇಗೆ ಎಂಬುದು ಕುತೂಹಲದ ಕತೆ. ಆ ದಾರಿಯ ಮುಖ್ಯ ತಿರುವಿನಲ್ಲಿ ಬೆಂಗಳೂರಿನ ಇಬ್ಬರು ಹುಡುಗರು ಸಿಗುತ್ತಾರೆ ಎಂಬುದು ಬಹಳ ಮಂದಿಗೆ ತಿಳಿಯದ ಸಂಗತಿ.

ಮೊದಲು ಹೆಸರಿನ ವಿಚಾರ. ಫ್ರೆಂಚ್ ಭಾಷೆಯಲ್ಲಿ ಪುಸ್ತಕ ಇಡುವ ಮನೆಗೆ ‘ಬಿಬ್ಲಿಯೋತೆಕ್’ ಎನ್ನುತ್ತಾರೆ. ಅದೇ ಧಾಟಿಯಲ್ಲಿ ಹಾಡಿನ ತಟ್ಟೆಗಳನ್ನು ಇಡುವ ಮನೆ ‘ಡಿಸ್ಕೋತೆಕ್’. ವಾದ್ಯಗಾರರನ್ನು ಕರೆಸದೆ, ಬರೀ ಗ್ರಾಮಫೋನ್ ತಟ್ಟೆ ಹಚ್ಚಿ ಜನರನ್ನು ಕುಣಿಸುವ ಕ್ಲಬ್ಬುಗಳಿಗೆ ಪ್ಯಾರಿಸ್ಸಿನಲ್ಲಿ ಈ ಹೆಸರು ಅಂಟಿತು. ಅದರ ಬಾಲ ಕತ್ತರಿಸಿ ‘ಡಿಸ್ಕೋ’ ಎಂದವರು ಅಮೆರಿಕದವರು. 1970ರಲ್ಲಿ ನ್ಯೂಯಾರ್ಕಿನ ಡೇವಿಡ್ ಮಾನ್ಕುಸೊ ಎಂಬಾತ ತಾನು ವಾಸವಿದ್ದ ಮಾಳಿಗೆಯಲ್ಲೇ ಸ್ನೇಹಿತರನ್ನು ಸೇರಿಸಿ ರಾತ್ರಿಯಿಡೀ ಹಾಡು ಹಚ್ಚತೊಡಗಿದ. ಅಲ್ಲಿಗೆ ಬರುತ್ತಿದ್ದವರಲ್ಲಿ ಕಪ್ಪು ಜನ, ಲ್ಯಾಟಿನ್ ಅಮೆರಿಕ ಮೂಲದವರು, ಸಲಿಂಗಿಗಳು ಬಹಳ. ಗಂಡಸರಿಬ್ಬರು ಜೊತೆಯಾಗಿ ಕುಣಿದರೆ ಪೊಲೀಸರ ಕಾಟ ಎದುರಿಸಬೇಕಿದ್ದ ಕಾಲ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಬೇರೆಲ್ಲೂ ನಿಶ್ಚಿಂತೆಯಿಂದ ಕುಣಿಯಲಾಗದವರು ಮಾಡಿಕೊಂಡ ಜಾಗ ಅದು. ಜೋಡಿ ಬೇಕೆಂದಿಲ್ಲ, ಕಲಿತ ಹೆಜ್ಜೆ ಬೇಕೆಂದಿಲ್ಲ, ಒಬ್ಬರ ಮೇಲೊಬ್ಬರ ಕಣ್ಣಿಲ್ಲ. ಬ್ರಿಟಿಷರ ಕಾಲದಿಂದ ಬೆಂಗಳೂರು ದಂಡಿನ ಕ್ಲಬ್ಬುಗಳಲ್ಲಿ ನಡೆಯುತ್ತಿದ್ದ ಬಾಲ್‌ರೂಂ ಕುಣಿತಕ್ಕೂ ಇದಕ್ಕೂ ಇದ್ದ ದೊಡ್ಡ ವ್ಯತ್ಯಾಸ ಇದೇ. ಅಲ್ಲಿ ಸದಸ್ಯತ್ವ ಬೇಕು, ಸೂಟು ಬೇಕು, ಕೈಹಿಡಿಯಲು ಜೊತೆ ಬೇಕು.

ಕುಣಿತಕ್ಕೆ ತಕ್ಕ ತಾಳವೂ ಹುಟ್ಟಿತು. ನಾಲ್ಕು ಮಾತ್ರೆಗಳ ಆವರ್ತದಲ್ಲಿ ನಾಲ್ಕಕ್ಕೂ ದೊಡ್ಡ ಡೋಲಿನ ಪೆಟ್ಟು. ಪೆಟ್ಟಿಗೂ ಪೆಟ್ಟಿಗೂ ನಡುವೆ ಬಾಯಿ ತೆರೆದು ಮುಚ್ಚುವ ಜೋಡಿ ತಾಳದ ‘ಚ್ಸ್’ ಸದ್ದು. ಫಿಲಡೆಲ್ಫಿಯಾದ ಡ್ರಮ್ ವಾದಕ ಅರ್ಲ್ ಯಂಗ್ 1973ರಲ್ಲಿ ನುಡಿಸಿದ ಒಂದು ಹಾಡಿನಿಂದ ಈ ಪೆಟ್ಟು ಗಟ್ಟಿಯಾಯಿತು ಎನ್ನುತ್ತಾರೆ. ವೇಗ ನಿಮಿಷಕ್ಕೆ ಸುಮಾರು 120 ಪೆಟ್ಟು. ಬಿರುಸಾಗಿ ನಡೆಯುವವನ ಹೆಜ್ಜೆಯ ವೇಗವೂ ಹೆಚ್ಚುಕಡಿಮೆ ಇಷ್ಟೇ. ನಡೆಯಲು ಬರುವ ಯಾರಿಗೂ ಡಿಸ್ಕೋ ಕುಣಿಯಲು ಬರುತ್ತದೆ ಎಂಬ ಮಾತಿನ ಗುಟ್ಟು ಇಲ್ಲಿದೆ. ಸಾಮಾನ್ಯ ತಟ್ಟೆಯಲ್ಲಿ ಮೂರು ನಿಮಿಷಕ್ಕೆ ಹಾಡು ಮುಗಿದು ಕುಣಿಯುವವರ ಉಸಿರು ಕತ್ತರಿಸಿದಂತಾಗುತ್ತಿತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ಟಾಮ್ ಮೌಲ್ಟನ್ ಎಂಬಾತ ಹಾಡುಗಳನ್ನು ಹಿಗ್ಗಿಸಿ, 12 ಅಂಗುಲದ ದೊಡ್ಡ ತಟ್ಟೆಗೆ ಹಾಕುವ ದಾರಿ ತೋರಿಸಿದ. ಹಾಡು ಆರೇಳು ನಿಮಿಷಕ್ಕೆ ಬೆಳೆಯಿತು. ತಟ್ಟೆ ಬದಲಿಸುವವನು ಒಂದರ ಬಾಲಕ್ಕೆ ಇನ್ನೊಂದರ ತಲೆ ಹೊಂದಿಸಿ ಬೆಳಗಿನ ತನಕ ತಾಳ ಬಿಡದಂತೆ ನೋಡಿಕೊಳ್ಳುವುದನ್ನು ಕಲಿತ. ‘ಡಿಸ್ಕ್ ಜಾಕಿ’, ಅಂದರೆ ‘ಡಿಜೆ’ ಎಂಬಾತ ಹೀಗೆ ಆ ಅಂಗಳದ ಯಜಮಾನನಾದ. ಈ ಎರಡಕ್ಷರವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಹಾಗೆ ನೋಡಿದರೆ ಗದಗ, ಧಾರವಾಡದ ಕಡೆಯವರಿಗೆ ಇದರಲ್ಲಿ ಅಪರಿಚಿತವಾದದ್ದು ಕಡಿಮೆ. ಹೆಜ್ಜೆ ಮೇಳದಲ್ಲಿ ಸಾಲುಗಟ್ಟಿದ ಗಂಡಸರು ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತಾರೆ. ಮೊಹರಂ ರಾತ್ರಿ ಅಲಾಯಿ ಕುಣಿಯ ಸುತ್ತ ಹಿಂದೂಗಳು, ಮುಸಲ್ಮಾನರು ಕೂಡಿ ಸುತ್ತು ಬರುತ್ತ ಕುಣಿಯುತ್ತಾರೆ. ಬಿಡದೆ ಬಡಿಯುವ ಪೆಟ್ಟು, ಸುಲಭದ ಹೆಜ್ಜೆ, ದಣಿವು ಮರೆಸುವ ಆವರ್ತನೆ ಇವೆಲ್ಲ ಇಲ್ಲಿಯೂ ಇದ್ದವು. ಬಂದವರೆಲ್ಲ ಇಳಿಯಬಹುದಾದ ಅಂಗಳವೂ ಇತ್ತು, ಗಂಡಸರ ಪಾಲಿಗಾದರೂ. ಆದರೆ ಅಮೆರಿಕದ ಡಿಸ್ಕೋ ಬಂದು ಈ ಅಂಗಳವನ್ನು ಸೇರಲಿಲ್ಲ. ಅದು ಬೆಳ್ಳಿತೆರೆಯ ಮೂಲಕ ಬಂತು. ಬೆಳ್ಳಿತೆರೆಯ ಸ್ವಭಾವವೇ ಎಲ್ಲರನ್ನೂ ಕೂಡಿಸಿ ಒಬ್ಬರನ್ನು ಕುಣಿಸುವುದು.

ಈ ಬದಲಾವಣೆ ಅಮೆರಿಕದಲ್ಲೇ ಆರಂಭವಾಗಿತ್ತು ಎನ್ನಬೇಕು. 1977ರ ಕೊನೆಯಲ್ಲಿ ಬಂದ ‘ಸ್ಯಾಟರ್ಡೇ ನೈಟ್ ಫೀವರ್’ ಚಿತ್ರದಲ್ಲಿ ಬಣ್ಣದಂಗಡಿಯ ಕೆಲಸದ ಹುಡುಗನಾಗಿ ಜಾನ್ ಟ್ರವೋಲ್ಟಾ ನಟಿಸಿದ. ಅದರಲ್ಲೊಂದು ದೃಶ್ಯ ಜಗತ್ಪ್ರಸಿದ್ಧ. ನಾಯಕ ಅಂಗಳಕ್ಕೆ ಇಳಿಯುತ್ತಾನೆ, ಕುಣಿಯುತ್ತಿದ್ದ ಉಳಿದವರು ಸರಿದು ಅವನಿಗೆ ಜಾಗ ಬಿಡುತ್ತಾರೆ, ಸುತ್ತ ನಿಂತು ನೋಡುತ್ತಾರೆ. ಕ್ಯಾಮೆರಾ ಬಂದೊಡನೆ ಕುಣಿಯುವವರು ಪ್ರೇಕ್ಷಕರಾದರು. ಜಗತ್ತಿನ ಬಹುಪಾಲು ಜನ ಡಿಸ್ಕೋ ಎಂದರೆ ಇದೇ ಎಂದು ತಿಳಿದರು.

ಇನ್ನು ಬೆಂಗಳೂರಿನ ಹುಡುಗರ ವಿಚಾರ.

ಮೊದಲನೆಯವರು ಬಿದ್ದು ಅಪ್ಪಯ್ಯ. ಕೊಡವ ಮನೆತನದವರು. ಬೆಂಗಳೂರಿನಲ್ಲಿ 1945ರಲ್ಲಿ ಹುಟ್ಟಿ ಅಲ್ಲಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದವರು. ರೇಡಿಯೋ ಸಿಲೋನಿನಲ್ಲಿ ಬರುತ್ತಿದ್ದ ಪಾಶ್ಚಾತ್ಯ ಹಾಡುಗಳನ್ನು ಕೇಳಿ ಕೇಳಿ ಗಿಟಾರ್ ಹಿಡಿದರು. ಗೆಳೆಯರೊಡನೆ ‘ಟ್ರೋಜನ್ಸ್’ ಎಂಬ ತಂಡ ಕಟ್ಟಿ ಬೆಂಗಳೂರು, ಕಲ್ಕತ್ತ, ಬೊಂಬಾಯಿಗಳ ಹೋಟೆಲು, ಕ್ಲಬ್ಬುಗಳಲ್ಲಿ ಹಾಡಿದರು. ತಂಡ ಚದುರಿದ ಮೇಲೆ ‘ಲೋನ್ ಟ್ರೋಜನ್’, ಅಂದರೆ ಒಂಟಿ ಟ್ರೋಜನ್ ಎಂದು ಹೆಸರಿಟ್ಟುಕೊಂಡು ಒಬ್ಬರೇ ಹಾಡಿದ್ದೂ ಉಂಟು. 1967ರಲ್ಲಿ ಇಂಗ್ಲೆಂಡಿಗೆ ಹೋದಾಗ ಅವರನ್ನು ಎದುರುಗೊಳ್ಳುವವರು ಅಲ್ಲಿ ಯಾರೂ ಇರಲಿಲ್ಲ. ಹೊಟ್ಟೆಪಾಡಿಗೆ ಬೇಕರಿ ಕೆಲಸವನ್ನೂ ಮಾಡಿದರು.

1974ರಲ್ಲಿ ಅವರು ಜಮೈಕಾ ಮೂಲದ ಗಾಯಕ ಕಾರ್ಲ್ ಡಗ್ಲಸ್‌ನಿಂದ ಒಂದು ಹಾಡನ್ನು ಹಾಡಿಸಿದರು. ತಟ್ಟೆಯ ಮುಮ್ಮುಖಕ್ಕೆಂದು ಆರಿಸಿದ್ದು ಬೇರೆ ಹಾಡು. ಸ್ಟುಡಿಯೋದ ಸಮಯವೆಲ್ಲ ಅದಕ್ಕೇ ಖರ್ಚಾಗಿ ಹತ್ತು ನಿಮಿಷ ಮಿಕ್ಕಿತ್ತು. ತಟ್ಟೆಯ ಬೆನ್ನಿಗೂ ಏನಾದರೊಂದು ಬೇಕಲ್ಲ? ಆಗ ಬ್ರೂಸ್ ಲೀಯ ಚಿತ್ರಗಳಿಂದ ಕುಂಗ್ ಫೂ ಎಲ್ಲರ ಬಾಯಲ್ಲಿತ್ತು. ಆ ಕುರಿತು ಡಗ್ಲಸ್ ಬರೆದಿಟ್ಟುಕೊಂಡಿದ್ದ ಹಾಡನ್ನು ಹೂಂಕಾರ, ಹಾಹಾಕಾರ ಸೇರಿಸಿ ಗಡಿಬಿಡಿಯಲ್ಲಿ ಮುಗಿಸಿದರು. ಧ್ವನಿಮುದ್ರಿಕೆ ಕಂಪನಿಯವರು ಕೇಳಿ, ಬೆನ್ನಿನ ಹಾಡನ್ನೇ ಮುಂದಕ್ಕೆ ತಂದರು. ‘ಕುಂಗ್ ಫೂ ಫೈಟಿಂಗ್’ ಆ ವರ್ಷ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಲ್ಲೂ ಡಿಸೆಂಬರಿನಲ್ಲಿ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು. ಹತ್ತು ನಿಮಿಷದ ಆ ಹಾಡು ಜಗತ್ತಿನಾದ್ಯಂತ ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಬ್ರಿಟನ್ನಿನಲ್ಲಿ ಡಿಸ್ಕೋದ ಆರಂಭಕಾಲವನ್ನು ಹೇಳುವವರು ಈ ಕೊಡವನ ಹೆಸರನ್ನು ಬಿಟ್ಟು ಹೇಳಲಾರರು. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ ‘ಐ ಲವ್ ಟು ಲವ್’ ಎಂಬ ಇನ್ನೊಂದು ಹಾಡೂ ಅವರ ಕೈಯಲ್ಲೇ ತಯಾರಾಗಿ ಅಲ್ಲಿ ಮೊದಲ ಸ್ಥಾನ ಪಡೆಯಿತು.

ಎರಡನೆಯವರು ನಟ, ನಿರ್ಮಾಪಕ, ನಿರ್ದೇಶಕ ಫಿರೋಜ್ ಖಾನ್. ತಂದೆ ಆಫ್ಘನ್ ಮೂಲದವರಾದರೂ ಫಿರೋಜ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1939ರಲ್ಲಿ. ಓದಿದ್ದು ಅದೇ ಬಿಷಪ್ ಕಾಟನ್ ಶಾಲೆಯಲ್ಲಿ. 2009ರಲ್ಲಿ ತೀರಿಕೊಂಡದ್ದೂ ಮಣ್ಣಾದದ್ದೂ ಬೆಂಗಳೂರಿನಲ್ಲೇ. ‘ಕುರ್ಬಾನಿ’ ಚಿತ್ರ ತಯಾರಿಸುತ್ತಿದ್ದಾಗ ಅವರಿಗೆ ಹೊಸ ಬಗೆಯದೊಂದು ಹಾಡು ಬೇಕಾಯಿತು. ಚಿತ್ರದ ಸಂಗೀತವೆಲ್ಲ ಕಲ್ಯಾಣ್‌ಜಿ ಆನಂದ್‌ಜಿ ಅವರದು. ಈ ಒಂದು ಹಾಡಿಗೆ ಮಾತ್ರ ಲಂಡನ್ನಿನಲ್ಲಿದ್ದ ಬಿದ್ದು ಅವರನ್ನು ಹಿಡಿದರು. ಹಾಡಿದವಳು ಪಾಕಿಸ್ತಾನ ಮೂಲದ, ಲಂಡನ್ನಿನಲ್ಲಿ ಓದುತ್ತಿದ್ದ ನಾಜಿಯಾ ಹಸನ್. ಆಗಿನ್ನೂ ಹದಿನೈದರ ಹುಡುಗಿ. ತೆರೆಯ ಮೇಲೆ ಕುಣಿದವರು ಜೀನತ್ ಅಮಾನ್. 1980ರಲ್ಲಿ ಚಿತ್ರ ಬಂತು. ‘ಆಪ್ ಜೈಸಾ ಕೋಯಿ’ ಎಂಬ ಆ ಹಾಡು ಆಸೇತು ಹಿಮಾಚಲ ಹಬ್ಬಿತು, ನಾಜಿಯಾಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಮರುವರ್ಷ ಆಕೆ ಮತ್ತು ತಮ್ಮ ಜೋಹೆಬ್ ಹಾಡಿದ ‘ಡಿಸ್ಕೋ ದೀವಾನೆ’ ಹೊರಬಿತ್ತು. ಅದರ ಹಿಂದೆಯೂ ಬಿದ್ದು ಅವರೇ. ಸಿನಿಮಾದ ಹಂಗಿಲ್ಲದೆ ಹಾಡೊಂದು ದೇಶವಿಡೀ ಹಬ್ಬಬಹುದು ಎಂಬುದನ್ನು ಅದು ತೋರಿಸಿತು. ಆ ಹುಡುಗಿ 2000ದಲ್ಲಿ, ಇನ್ನೂ ಮೂವತ್ತೈದರಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡಳು.

ಕಾಲದ ವಿನೋದ ನೋಡಿ. ‘ಕುರ್ಬಾನಿ’ ಬರುವ ಹೊತ್ತಿಗೆ ಅಮೆರಿಕದಲ್ಲಿ ಡಿಸ್ಕೋಗೆ ಬೆಂಕಿ ಇಟ್ಟಾಗಿತ್ತು. ಇದು ಅಲಂಕಾರದ ಮಾತಲ್ಲ. 1979ರ ಜುಲೈ 12ರಂದು ಷಿಕಾಗೋದ ಕೊಮಿಸ್ಕಿ ಪಾರ್ಕ್‌ನಲ್ಲಿ ಬೇಸ್‌ಬಾಲ್ ಪಂದ್ಯಗಳ ಬಿಡುವಿನಲ್ಲಿ ಡಿಸ್ಕೋ ತಟ್ಟೆಗಳನ್ನು ಪೆಟ್ಟಿಗೆಗೆ ತುಂಬಿ ಸಿಡಿಮದ್ದಿಟ್ಟು ಹಾರಿಸಿದರು. ತಟ್ಟೆ ತಂದವರಿಗೆ 98 ಸೆಂಟಿಗೆ ಟಿಕೆಟ್ಟು. ಜನ ಮೈದಾನಕ್ಕೆ ನುಗ್ಗಿ ಎರಡನೇ ಪಂದ್ಯವೇ ನಡೆಯದಾಯಿತು. ರಾಕ್ ಸಂಗೀತದ ಬಿಳಿಯ ಹುಡುಗರಿಗೆ ಕರಿಯರ, ಸಲಿಂಗಿಗಳ ಸಂಗೀತದ ಮೇಲಿದ್ದ ಅಸಹನೆ ಅಂದು ಹೊರಬಿತ್ತು ಎಂದು ಆಮೇಲೆ ಹಲವರು ಬರೆದಿದ್ದಾರೆ. ಭಾರತಕ್ಕೆ ಬಂದ ಡಿಸ್ಕೋಗೆ ಈ ಹಿನ್ನೆಲೆಯ ಒಂದು ಚೂರೂ ಅಂಟಿರಲಿಲ್ಲ. ಇಲ್ಲಿ ಅದು ಶ್ರೀಮಂತಿಕೆಯ, ವಿಲಾಯತಿಯ ಗುರುತು.

ಅದನ್ನು ಬಡವರ ಮನೆಯ ಹುಡುಗನ ಕೈಗೆ ಕೊಟ್ಟವರು ಬೊಂಬಾಯಿಯವರೇ. 1982ರ ‘ಡಿಸ್ಕೋ ಡಾನ್ಸರ್’ ಚಿತ್ರದಲ್ಲಿ ಮಿಥುನ್ ಚಕ್ರವರ್ತಿ ಬೀದಿಯಲ್ಲಿ ಹಾಡುತ್ತ ಬೆಳೆದ ಹುಡುಗ. ಬಪ್ಪಿ ಲಾಹಿರಿಯ ಸಂಗೀತದಲ್ಲಿ ಕುಣಿದು ದೊಡ್ಡವನಾಗುತ್ತಾನೆ. ಈ ಚಿತ್ರ ಸೋವಿಯತ್ ಒಕ್ಕೂಟದಲ್ಲಿ ಇಲ್ಲಿಗಿಂತ ಹೆಚ್ಚು ಮೆರೆಯಿತೆಂದರೂ ನಡೆದೀತು. ಇದರಲ್ಲಿ ನಾಯಕನ ತಾಯಿ ಸಾಯುವುದು ಗಿಟಾರಿಗೆ ಹರಿಸಿದ ವಿದ್ಯುತ್ತಿನಿಂದ ಎಂಬುದು ಒಂದು ತಮಾಷೆಯ, ಆದರೆ ಅರ್ಥವಿರುವ ಸಂಗತಿ. ಹೊಸ ವಾದ್ಯವನ್ನು ಅಪ್ಪಿಕೊಳ್ಳುತ್ತಲೇ ಅದಕ್ಕೆ ಅಂಜುವ ಮನಸ್ಸು ಅಲ್ಲಿ ಕಾಣುತ್ತದೆ.

ಕನ್ನಡ ಚಿತ್ರಗಳಿಗೆ ಪಾಶ್ಚಾತ್ಯ ಕುಣಿತ ಅಷ್ಟೊತ್ತಿಗೆ ಹಳತಾಗಿತ್ತು. 1968ರ ‘ಜೇಡರ ಬಲೆ’ಯಿಂದ ಮೊದಲಾದ ಸಿಐಡಿ 999 ಚಿತ್ರಗಳ ಕಾಲಕ್ಕೇ ಕ್ಲಬ್ ಡ್ಯಾನ್ಸ್ ಕನ್ನಡ ತೆರೆಗೆ ಬಂದಿತ್ತು, ಆ ಬಗೆಯ ಹಾಡಿಗೆ ಎಲ್.ಆರ್. ಈಶ್ವರಿಯವರ ಕಂಠವೇ ಬೇಕು ಎಂಬ ಮಾತಿತ್ತು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಜಿ.ಕೆ. ವೆಂಕಟೇಶ್ ಅವರ ಸಂಗೀತಕ್ಕೆ ರಾಜ್‌ಕುಮಾರ್ ಇಂಗ್ಲಿಷ್ ಹಾಡನ್ನೇ ಹಾಡಿದರು. ಆ ವೆಂಕಟೇಶ್ ಅವರ ಕೈಕೆಳಗೆ ಗಿಟಾರ್ ನುಡಿಸುತ್ತ, ಸಹಾಯಕರಾಗಿ ದುಡಿದಿದ್ದ ಇಳಯರಾಜಾ 1981ರಲ್ಲಿ ಶಂಕರ್‌ನಾಗ್ ಅವರ ‘ಗೀತಾ’ ಚಿತ್ರಕ್ಕೆ ಸಂಗೀತ ಕೊಟ್ಟರು. ಅದರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ‘ಸಂತೋಷಕ್ಕೆ’ ಹಾಡು ಕನ್ನಡದ ಡಿಸ್ಕೋಗೆ ಇಂದಿಗೂ ಮೇಲ್ಪಂಕ್ತಿ. ಚಿ. ಉದಯಶಂಕರ್ ಅವರ ಸರಳ ಕನ್ನಡ ಆ ತಾಳಕ್ಕೆ ಎಲ್ಲೂ ತೊಡರದೆ ಕೂರುತ್ತದೆ. ಇಲ್ಲಿಯೂ ನಾಯಕ ವೇದಿಕೆಯ ಮೇಲಿದ್ದಾನೆ ಎಂಬುದನ್ನು ಗಮನಿಸಬೇಕು. ಮುಂದೆ 1986ರಲ್ಲಿ ದ್ವಾರಕೀಶ್ ಅವರ ‘ಆಫ್ರಿಕಾದಲ್ಲಿ ಶೀಲಾ’ ಚಿತ್ರಕ್ಕೆ ಬಪ್ಪಿ ಲಾಹಿರಿಯೇ ಕನ್ನಡಕ್ಕೆ ಬಂದರು. ಮರುವರ್ಷ ಹಂಸಲೇಖ ಸಂಗೀತದ ‘ಪ್ರೇಮಲೋಕ’ ಬಂದ ಮೇಲಂತೂ ಪೆಟ್ಟೇ ಹಾಡಿನ ಪ್ರಾಣ ಎಂಬುದು ಕನ್ನಡದಲ್ಲಿ ಸ್ಥಿರವಾಯಿತು. ಹೆಸರಿನ ಮಹಿಮೆಯೂ ಬೆಳೆಯಿತು. ದಕ್ಷಿಣದ ಚಿತ್ರಗಳಲ್ಲಿ ಕುಣಿಯುತ್ತಿದ್ದ ಶಾಂತಿ ಎಂಬ ನಟಿ ‘ಡಿಸ್ಕೋ ಶಾಂತಿ’ ಎಂದೇ ಪ್ರಸಿದ್ಧರಾದರು. ಗಂಡು ಕುಣಿದರೆ ಹೀರೋ, ಹೆಣ್ಣು ಕುಣಿದರೆ ಹೆಸರಿಗೇ ಅದು ಅಂಟಿಕೊಳ್ಳುತ್ತದೆ.

ಸಿನಿಮಾ ನೋಡಲು ಹಳ್ಳಿಯ ಜನ ಟೂರಿಂಗ್ ಟಾಕೀಸಿಗೋ ಪೇಟೆಗೋ ಹೋಗಬೇಕು. ಹಾಡನ್ನು ಮನೆಬಾಗಿಲಿಗೆ ತಂದದ್ದು ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ ಅದನ್ನು ಹೊರತಂದದ್ದು 1963ರಲ್ಲಾದರೂ ನಮ್ಮಲ್ಲಿ ಅದರ ಸುಗ್ಗಿ ಎಂಬತ್ತರ ದಶಕದ್ದು. ಅಲ್ಲಿಯ ತನಕ ಗ್ರಾಮಫೋನ್ ತಟ್ಟೆ ಎಂದರೆ ಎಚ್‌ಎಂವಿ ಎಂಬಂತಿತ್ತು. ಟಿ-ಸೀರೀಸ್‌ನಂಥವರು ಅಗ್ಗದ ಕ್ಯಾಸೆಟ್ ತಂದು ಆ ಏಕಸ್ವಾಮ್ಯ ಮುರಿದರು. ಕನ್ನಡದಲ್ಲಿ ಸಂಗೀತಾ, ಲಹರಿ ಕಂಪನಿಗಳು ಬೆಳೆದವು. ಒಂದು ವಿಶೇಷವನ್ನು ಇಲ್ಲಿ ಹೇಳಬೇಕು. ಸಿ. ಅಶ್ವತ್ಥ್ ಹಾಡಿದ ಶಿಶುನಾಳ ಷರೀಫರ ತತ್ವಪದಗಳು ಮನೆಮನೆಗೆ ಹೋದದ್ದೂ ಇದೇ ದಶಕದಲ್ಲಿ, ಇದೇ ಕ್ಯಾಸೆಟ್ಟಿನ ಮೂಲಕ. ಅದೇ ಟೇಪ್ ರೆಕಾರ್ಡರಿನಲ್ಲಿ ಒಂದು ಕಡೆ ಷರೀಫ, ಇನ್ನೊಂದು ಕಡೆ ಡಿಸ್ಕೋ. ಹೊಸ ಯಂತ್ರ ಹಳೆಯ ಸಂಸ್ಕೃತಿಯನ್ನು ನುಂಗಿತು ಎಂದು ಆ ದಿನಗಳಲ್ಲಿ ಹಳಹಳಿಸಿದವರಿಗೆ ಈ ಎರಡನೆಯ ಮುಖ ಕಾಣಲಿಲ್ಲ.

ಆದರೆ ನಿಜವಾದ ನಷ್ಟವೊಂದು ಆಯಿತು. ಅದು ಆದದ್ದು ರಂಗದ ಮೇಲೆ.

ಶಿಗ್ಲಿಯ ಸುತ್ತಲಿನ ಸೀಮೆ ಕಂಪನಿ ನಾಟಕದ ತವರು. ವೆಂಕೋಬರಾಯರ ಹೆಸರಿನೊಡನೆ ನೆನೆಯುವ ಶಿರಹಟ್ಟಿಯ ಮಹಾಲಕ್ಷ್ಮೀ ಪ್ರಾಸಾದಿಕ ನಾಟಕ ಮಂಡಳಿ ಉತ್ತರ ಕರ್ನಾಟಕದ ಹಳೆಯ ವೃತ್ತಿ ಕಂಪನಿಗಳಲ್ಲಿ ಒಂದು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದಗಿನದು. ಅಂಧ ಮಕ್ಕಳಿಗೆ ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮವೂ ತನ್ನ ಖರ್ಚಿಗೆ ನಾಟಕ ಕಂಪನಿ ನಡೆಸಿತು; ಪುಟ್ಟರಾಜ ಗವಾಯಿಗಳೇ ಅದಕ್ಕೆ ನಾಟಕ ಬರೆದರು. ಈ ರಂಗಭೂಮಿ ನಿಂತದ್ದು ಕಂಠದ ಮೇಲೆ. ಪೇಟಿ, ತಬಲಾ ಎದುರಿಗೆ ಕೂತಿರಬೇಕು. ನಟ, ನಟಿ ತಾವೇ ಹಾಡಬೇಕು. ಒನ್ಸ್ ಮೋರ್ ಬಿದ್ದರೆ ಸತ್ತ ಪಾತ್ರವೂ ಎದ್ದು ಮತ್ತೆ ಹಾಡುತ್ತಿತ್ತು ಎಂದು ಹಳಬರು ನಗುತ್ತ ಹೇಳುವುದುಂಟು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಇಂಥ ರಂಗಪರಂಪರೆಯ ನಾಡಿನಿಂದ ಹೋಗಿ 1943ರ ‘ಕಿಸ್ಮತ್’ ಮೊದಲಾದ ಹಿಂದಿ ಚಿತ್ರಗಳಿಗೆ ಹಾಡಿದರು. ಆಗ ಈ ಸೀಮೆಯ ಹೆಣ್ಣಿನ ಧ್ವನಿ ಬೊಂಬಾಯಿಗೆ ಹೋಗಿತ್ತು. ನಲವತ್ತು ವರ್ಷದ ಮೇಲೆ ಬೊಂಬಾಯಿಯ ಧ್ವನಿ ಕ್ಯಾಸೆಟ್ಟಿನಲ್ಲಿ ಈ ಸೀಮೆಗೆ ಬಂತು, ಇಲ್ಲಿನ ಹೆಣ್ಣು ಬಾಯಾಡಿಸಿದಳು.

ಈ ಬದಲಾವಣೆಯನ್ನು ಬರೀ ಅಭಿರುಚಿಯ ಕುಸಿತ ಎಂದು ತಳ್ಳಿಹಾಕುವುದು ಸರಿಯಲ್ಲ. ಸಿನಿಮಾ, ಅದರ ಹಿಂದೆಯೇ ದೂರದರ್ಶನ, ವಿಡಿಯೋ ಬಂದು ಕಂಪನಿಗಳ ಗಳಿಕೆ ಕುಸಿದಿತ್ತು. ಬಾದಾಮಿಯ ಬನಶಂಕರಿ ಜಾತ್ರೆಯಂಥ ಕಡೆ ಹಲವು ಕಂಪನಿಗಳು ಒಂದೇ ಬಯಲಿನಲ್ಲಿ ಡೇರೆ ಹಾಕಿ ಒಬ್ಬರೊಡನೊಬ್ಬರು ಪೈಪೋಟಿಗೆ ನಿಲ್ಲುತ್ತವೆ. ಪಕ್ಕದ ಡೇರೆಯಲ್ಲಿ ಡಿಸ್ಕೋ ಹಾಡಿಗೆ ಕುಣಿತವಿದ್ದರೆ ಈ ಡೇರೆಯ ಯಜಮಾನ ಬರೀ ಕಂದಪದ್ಯ ಹಾಡಿಸಿ ಸಂಬಳ ಕೊಡುವುದು ಹೇಗೆ? ನಾಟಕವನ್ನು ಡಿಸ್ಕೋ ಕೊಂದಿತು ಎಂಬುದು ಅರ್ಧ ಸತ್ಯ. ಕೆಲವು ಕಂಪನಿಗಳನ್ನು ಇನ್ನಷ್ಟು ವರ್ಷ ಉಳಿಸಿದ್ದೂ ಅದೇ. ಆದರೆ ಅದರ ಬೆಲೆ ಕೊಟ್ಟವರು ನಟಿಯರು.

ಹಾಡಲು ಬರುವ ನಟಿಗೆ ವಯಸ್ಸಾದರೂ ಬೆಲೆ ಇರುತ್ತದೆ. ಕಂಠ ನಲವತ್ತರಲ್ಲಿ ಮಾಗುತ್ತದೆ. ತಾಯಿಯ ಪಾತ್ರಕ್ಕೂ ಹಾಡಿರುತ್ತದೆ. ಡಿಸ್ಕೋಗೆ ಬೇಕಾದದ್ದು ಪ್ರಾಯ. ಹಳ್ಳಿಯ ಹವ್ಯಾಸಿ ನಾಟಕಗಳಲ್ಲಿ ಗಂಡುಪಾತ್ರಗಳನ್ನೆಲ್ಲ ಊರಿನವರೇ ಮಾಡುತ್ತಾರೆ, ಹೆಣ್ಣುಪಾತ್ರಕ್ಕೆ ಮಾತ್ರ ಪೇಟೆಯಿಂದ ವೃತ್ತಿನಟಿಯರನ್ನು ಕರೆಸುತ್ತಾರೆ. ಗೊತ್ತುಮಾಡುವಾಗ ‘ಹಾಡ್ತಾಳೇನು?’ ಎಂದು ಕೇಳುತ್ತಿದ್ದ ಜಾಗದಲ್ಲಿ ‘ಡ್ಯಾನ್ಸ್ ಮಾಡ್ತಾಳೇನು?’ ಎಂಬ ಪ್ರಶ್ನೆ ಬಂತು. ನಾಟಕದ ನಡುವೆ ಆಯೇರಿ ಮಾಡುವ ಪದ್ಧತಿ ಮೊದಲಿನಿಂದಲೂ ಇತ್ತು. ಒಳ್ಳೆಯ ಹಾಡಿಗೆ, ಅಳಿಸಿದ ಮಾತಿಗೆ ಮೆಚ್ಚಿ ಊರಿನವರು ಹಣವನ್ನೋ ಬಟ್ಟೆಯನ್ನೋ ಕೊಡುವರು, ಮೈಕಿನಲ್ಲಿ ಅವರ ಹೆಸರು ಕೂಗುವರು. ಡಿಸ್ಕೋ ಕುಣಿತದ ಕಾಲಕ್ಕೆ ಅದೇ ಆಯೇರಿ, ರಂಗವನ್ನೇರಿ ನೋಟು ಹಿಡಿದು ಕುಣಿಯುವ ಪುಂಡಾಟಕ್ಕೂ ಎಡೆ ಮಾಡಿತು. ಅದೇ ನಟಿ ಅರ್ಧ ಗಂಟೆಯ ಹಿಂದೆ ತಂಗಿಯಾಗಿ ಅತ್ತು, ಹೆಂಗಸರ ಸಾಲನ್ನೆಲ್ಲ ಅಳಿಸಿರುತ್ತಾಳೆ. ಕುಣಿತ ಮುಗಿದ ಮೇಲೆ ಮತ್ತೆ ಬಂದು ಅಳಿಸಬೇಕು. ಅಷ್ಟು ಬೇಗ ಪಾತ್ರದೊಳಕ್ಕೂ ಹೊರಕ್ಕೂ ಹೋಗಿ ಬರುವ ಆ ಕಸುಬುದಾರಿಕೆಯನ್ನು ಮೆಚ್ಚಿ ಬರೆದವರು ವಿರಳ. ಅಶ್ಲೀಲತೆಯ ಬಗ್ಗೆ ಬರೆದವರು ಬಹಳ.

ಇತ್ತ ಬೆಂಗಳೂರಿನಲ್ಲಿ, ಬಿದ್ದು ಹಾಡು ಕಲಿತ ಊರಿನಲ್ಲಿ, ನಿಜವಾದ ಡಿಸ್ಕೋತೆಕ್‌ಗಳು ಬಂದವು. ಕುಣಿಯುವ ಅಂಗಳ ಅಲ್ಲಾದರೂ ದೊರೆಯಿತೇ ಎಂದರೆ ಅದೂ ಪೊಲೀಸರ ರುಜುವಿನ ಮೇಲೆ ನಿಂತ ಅಂಗಳ. ಬೆಂಗಳೂರು ನಗರದ ಸಾರ್ವಜನಿಕ ಮನರಂಜನಾ ಸ್ಥಳಗಳ ಬಗ್ಗೆ 2005ರಲ್ಲಿ ಹೊರಟ ಪೊಲೀಸ್ ಆದೇಶ ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೋತೆಕ್ ಮೂರಕ್ಕೂ ಪರವಾನಗಿ ಕಡ್ಡಾಯ ಮಾಡಿತು. ಹೋಟೆಲಿನವರು ನ್ಯಾಯಾಲಯಕ್ಕೆ ಹೋದರು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಹಣ ಕೊಟ್ಟು ಒಳಗೆ ಹೋದವರು ನಿಂತ ಜಾಗದಲ್ಲಿ ಕೈಕಾಲು ಆಡಿಸಲು ಯಜಮಾನನ ಬಳಿ ಒಂದು ಕಾಗದ ಇರಬೇಕು. ಅತ್ತ ಹಳ್ಳಿಯಲ್ಲಿ ನೋಡುವುದಷ್ಟೇ ಸಾಧ್ಯ, ಇತ್ತ ನಗರದಲ್ಲಿ ಕುಣಿಯಲು ಅಪ್ಪಣೆ ಬೇಕು.

ಆದರೆ ತಾಳ ಸುಮ್ಮನಿರುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಅದು ಹಳ್ಳಿಯಲ್ಲಿ ರಂಗದಿಂದ ಬೀದಿಗೆ ಇಳಿದಿದೆ. ಗಣೇಶನನ್ನು ಕಳಿಸುವ ದಿನ, ಮದುವೆಯ ಮೆರವಣಿಗೆ, ಜಯಂತಿಗಳಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಆಳೆತ್ತರದ ಧ್ವನಿಪೆಟ್ಟಿಗೆಗಳನ್ನು ಪೇರಿಸಿ, ಹಿಂದೊಂದು ಜನರೇಟರ್ ಕಟ್ಟಿ ಹೊರಟರೆ ಮುಂದೆ ಹುಡುಗರು ಗುಲಾಲಿನಲ್ಲಿ ಮಿಂದು ಕುಣಿಯುತ್ತಾರೆ. ನಾಲ್ಕಕ್ಕೆ ನಾಲ್ಕೂ ಪೆಟ್ಟು ಎದೆಗೆ ಬಡಿಯುವ ಅದೇ ತಾಳ. ಹಾಡು ಜನಪದದ್ದಿರಲಿ, ಭಕ್ತಿಯದ್ದಿರಲಿ, ಅದರ ಕೆಳಗೆ ಆ ಪೆಟ್ಟನ್ನು ಹೊಲಿದು ‘ರೀಮಿಕ್ಸ್’ ಮಾಡಿರುತ್ತಾರೆ. ಇಲ್ಲಿ ಯಾರೂ ಕಲಿತ ಹೆಜ್ಜೆ ಹಾಕುವುದಿಲ್ಲ, ಯಾರಿಗೂ ಜೋಡಿ ಬೇಕಿಲ್ಲ. ಮಾನ್ಕುಸೊನ ಮಾಳಿಗೆಯಲ್ಲಿದ್ದ ಅಂಗಳ ಇದೇ ಎನ್ನುವಷ್ಟು ಹತ್ತಿರ ಬಂದಿದೆ. ಇದರ ಕೆಡುಕೂ ಸಣ್ಣದಲ್ಲ. ಎದೆ ನಡುಗಿಸುವ ಸದ್ದು ಮುದುಕರಿಗೆ, ಹಸುಗೂಸುಗಳಿಗೆ ಸಂಕಟ; 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು. ಕರಡಿ ಮಜಲು, ಹಲಗೆ, ಡೊಳ್ಳಿನವರ ಮೆರವಣಿಗೆಯ ಕೂಲಿಗೂ ಇದು ಕತ್ತರಿ ಹಾಕಿದೆ.

ಈ ಪೆಟ್ಟಿಗೆಗಳ ರಾಶಿಗೆ ಊರಿನವರು ಇಟ್ಟಿರುವ ಹೆಸರು ‘ಡಿಜೆ’. ನ್ಯೂಯಾರ್ಕಿನಲ್ಲಿ ಡಿಜೆ ಎಂದರೆ ಮನುಷ್ಯ, ಕುಣಿಯುವವರ ಮುಖ ನೋಡಿ ತಟ್ಟೆ ಬದಲಿಸುವವನು. ಗದಗ ಸೀಮೆಯಲ್ಲಿ ಡಿಜೆ ಎಂದರೆ ಪೆಟ್ಟಿಗೆ. ಹಾಡು ಹಚ್ಚುವ ಹುಡುಗ ಟ್ರೇಲರಿನ ಮೂಲೆಯಲ್ಲಿ ಎಲ್ಲೋ ಇರುತ್ತಾನೆ, ಅವನನ್ನು ಯಾರೂ ನೋಡುವುದಿಲ್ಲ. ಡಿಜೆ ಯಾರು ಎಂದು ಇಲ್ಲಿ ಕೇಳುವಂತಿಲ್ಲ. ಎಷ್ಟು ಬಾಕ್ಸಿನ ಡಿಜೆ ಎಂದು ಕೇಳಬೇಕು.

ಇನ್ನೊಂದು ಲೆಕ್ಕವೂ ತಿರುಗುಮುರುಗಾಗಿದೆ. ಜಾತ್ರೆಯ ರಂಗದ ಮೇಲೆ ಒಬ್ಬಳು ಹೆಣ್ಣು ಕುಣಿದರೆ ಕೆಳಗೆ ಊರ ಗಂಡಸರೆಲ್ಲ ನೋಡುತ್ತಿದ್ದರು. ಈಗ ಬೀದಿಯಲ್ಲಿ ಗಂಡಸರು ಕುಣಿಯುತ್ತಾರೆ. ಹೆಣ್ಣುಮಕ್ಕಳು ಮನೆಯ ಕಟ್ಟೆ, ಮಾಳಿಗೆಗಳ ಮೇಲೆ ಸೆರಗು ಬಿಗಿದು ನಿಂತು ನೋಡುತ್ತಾರೆ. ಟ್ರ್ಯಾಕ್ಟರು ಓಣಿ ತಿರುಗುವ ತನಕ ಕೆಲವರ ಕಾಲುಬೆರಳು ಕಟ್ಟೆಯ ಮೇಲೆ ತಾಳ ಹಾಕುತ್ತಿರುತ್ತದೆ.